ಹಳೆಯ ನೋಟುಗಳ ಕಾಲನಿರ್ಣಯ

ಶಾಸನದಲ್ಲಿ ಕೆತ್ತಿರುವ ಶಕವರ್ಷವೇ ಅದನ್ನು ಬರೆಸಿದ ಕಾಲವೆಂದು ನಂಬಿ ಮೋಸಹೋದವರು ನಮ್ಮ ಪಂಡಿತರಲ್ಲಿ ಅನೇಕರುಂಟು. ಕೂಟಶಾಸನಗಳಲ್ಲಿ ತೇದಿಯು ಹೇಳುವುದೊಂದು, ಲಿಪಿಯು ಹೇಳುವುದಿನ್ನೊಂದು. ಹಳೆಯ ನೋಟುಗಳಲ್ಲಿಯೂ ಇದೇ ತೊಡಕುಂಟೆಂಬುದು, ಮಿತ್ರರೊಬ್ಬರು ತಮ್ಮ ಮುತ್ತಾತನವರ ಪೆಟ್ಟಿಗೆಯಿಂದ ಎರಡು ಒಂದು ರೂಪಾಯಿಯ ನೋಟುಗಳನ್ನು ತಂದು ತೋರಿಸಿದಾಗ ನಮಗೆ ವಿಶದವಾಯಿತು. ಒಂದರಲ್ಲಿ 1917 ಎಂದೂ ಮತ್ತೊಂದರಲ್ಲಿ 1935 ಎಂದೂ ಇದ್ದಿತು. ವ್ಯಾಪಾರಿಯೊಬ್ಬನು ಅವು ಆಯಾ ವರ್ಷಗಳವೇ ಎಂದು ಬೆಲೆಕಟ್ಟಿದ್ದನಂತೆ.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವವುಂಟಾಗಲು, ಭಾರತ ಸರಕಾರವು 1917ನೆಯ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಹಿಂಬದಿಯಲ್ಲಿ ಎಂಟು ದೇಶಭಾಷೆಗಳಲ್ಲಿ ಮೌಲ್ಯವನ್ನು ನಮೂದಿಸಿದೆ, ಕನ್ನಡವೂ ಅವುಗಳಲ್ಲೊಂದು. (ಸಂಗ್ರಾಹಕರಾದ ನಮ್ಮವರು ಆ ಪಂಕ್ತಿಯನ್ನು ಓದುವುದು ಅಪರೂಪ.) ಮುಂಬದಿಯಲ್ಲಿರುವುದು ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯ ಚಿತ್ರ. 1917 ಎಂಬ ಅಂಕಿಯು ಆ ನಾಣ್ಯದ್ದು, ಕಾಗದದ್ದಲ್ಲ. ಆದುದರಿಂದ ಸಹಿಯನ್ನೇ ಪ್ರಮಾಣವಾಗಿ ಹಿಡಿಯಬೇಕು. ಗಬ್ಬೆ, ಮೆಕ್‌ವಾಟರ್ಸ್, ಡೆನಿಂಗ್ ಎಂಬ ಮೂವರ ಸಹಿಗಳು ಈ ಕ್ರಮದಲ್ಲಿಯೇ ಬಂದಿವೆ. ಮಿತ್ರರ ನೋಟಿನಲ್ಲಿದ್ದುದು ಕಡೆಯವನದು. 1926ರಲ್ಲಿ ಈ ನೋಟು ನಿಂತುಹೋಯಿತು. ಅದರ ಜೊತೆಯ ಎರಡೂವರೆ ರೂಪಾಯಿಯ ನೋಟು ಇದಕ್ಕಿಂತ ಬಹಳ ವಿರಳ. ಬೆಲೆಯೂ ಹಾಗೆಯೇ ಹೆಚ್ಚು.

ಎರಡನೆಯದು ಇನ್ನೂ ವಿಚಿತ್ರ. ಅದರಲ್ಲಿಯೂ ಐದನೆಯ ಜಾರ್ಜನ ನಾಣ್ಯವೇ ಇದೆ, 1935 ಎಂದೂ ಇದೆ, ಕೆಲ್ಲಿ ಎಂಬವನ ಸಹಿ ಇದೆ. ಆ ದೊರೆಯು 1936ರ ಜನವರಿಯಲ್ಲಿ ಗತಿಸಿದನು; ನೋಟು ಚಲಾವಣೆಗೆ ಬಂದುದಾದರೋ ಎರಡನೆಯ ಯುದ್ಧದ ನಡುವೆ, 1940ರಲ್ಲಿ! ರಿಸರ್ವ್ ಬ್ಯಾಂಕು 1935ರಲ್ಲಿಯೇ ಸ್ಥಾಪಿತವಾಗಿದ್ದರೂ ಒಂದು ರೂಪಾಯಿಯ ನೋಟು ಸರಕಾರದ್ದೇ. ಬ್ಯಾಂಕಿನ ಸ್ವಂತ ನೋಟು 1938ರಲ್ಲಿ ಬಂದಿತು. ಅದರ ಮೇಲೆ ಆರನೆಯ ಜಾರ್ಜನ ಮುಖವೂ ಟೇಲರನ ಸಹಿಯೂ ಉಂಟು. ಮೊದಲನೆಯ ಗವರ್ನರನಾದ ಆಸ್ಬೋರ್ನ್ ಸ್ಮಿತ್‌ನ ಸಹಿಯುಳ್ಳ ನೋಟೇ ಇಲ್ಲ. ಯಾರಾದರೂ ತೋರಿಸಿದರೆ ಅದು ಕೂಟವೆನ್ನಲು ಅಡ್ಡಿಯಿಲ್ಲ. ದೇಶಮುಖರ ಸಹಿಯಿದ್ದರೆ 1943ರಿಂದ ಈಚಿನದು.

ಮೌಲ್ಯದ ವಿಷಯದಲ್ಲಿ ಪ್ರಾಚೀನತೆಯೊಂದೇ ಸಾಲದು. ಮಡಿಕೆ, ಸೂಜಿಯ ರಂಧ್ರ, ತೊಳೆದು ಇಸ್ತ್ರಿ ಮಾಡಿದ ಗುರುತು, ಇವು ಬೆಲೆಯನ್ನು ಬಹಳವಾಗಿ ಇಳಿಸುವುವು. ತೊಳೆಯುವ ಚಪಲವಂತೂ ತಾಮ್ರಪಟವನ್ನು ಹುಣಿಸೆಹಣ್ಣಿನಿಂದ ಉಜ್ಜುವುದಕ್ಕೆ ಸಮಾನ.

ಮಿತ್ರರಿಗೆ ಬೆಲೆಗಿಂತ ಬೇರೊಂದು ಚಿಂತೆಯಿತ್ತು. ಅವರ ಮುತ್ತಾತನವರು ತೀರಿಕೊಂಡುದು 1938ರಲ್ಲಿ. ಎರಡೂ ನೋಟುಗಳು ಅವರ ಗಳಿಕೆಯೆಂದೇ ಮನೆಯವರೆಲ್ಲರೂ ನಂಬಿದ್ದರು. ಎರಡನೆಯದು ಅವರ ಕೈಗೆ ಬಂದಿರಲಾರದು. ಗಂಡನು ಹೋದ ಮೇಲೆ ಆ ಪೆಟ್ಟಿಗೆಯ ಬೀಗದಕೈಯು ಮುತ್ತಜ್ಜಿಯ ಸೆರಗಿನಲ್ಲಿದ್ದಿತೆಂದು ಮಿತ್ರರು ತುಸು ಹೊತ್ತಿನ ಮೇಲೆ ನೆನೆದು ಹೇಳಿದರು.