ಆಳೆತ್ತರ ಮತ್ತು ಮೊದಲ ಗಾಡಿ

ಕಳೆದ ತಿಂಗಳು ನನ್ನ ತಂಗಿಯ ಮೊಮ್ಮಗ ಮನೆಗೆ ಬಂದಿದ್ದ. ಹತ್ತೊಂಬತ್ತು ತುಂಬಿದ ಹುಡುಗ, ಎತ್ತರ 6 ಅಡಿ 2 ಅಂಗುಲ. ನಮ್ಮ ಅಡುಗೆಮನೆಯ ಬಾಗಿಲನ್ನು ತಲೆ ತಗ್ಗಿಸದೆ ದಾಟಲಾರ. ಊಟವಾದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದ. "ತಾತ, ಬೈಕ್ ಕಲೀಬೇಕು ಅಂತಿದೀನಿ. ಸಣ್ಣ ಗಾಡಿ ನಿನ್ನ ಆಕಾರಕ್ಕೆ ಒಪ್ಪೋದಿಲ್ಲ, ದೊಡ್ಡದನ್ನೇ ತಗೋ ಅಂತ ಸ್ನೇಹಿತರೆಲ್ಲ ಹೇಳ್ತಾರೆ. ನೀವೇನಂತೀರಿ?"

ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ಉತ್ತರ ಕೊಟ್ಟಿದ್ದೆ. ಆ ಉತ್ತರ ತಪ್ಪಾಗಿತ್ತು. ಆದ್ದರಿಂದ ಈ ಸಲ ಅವಸರಪಡದೆ, ಇತಿಹಾಸದ ಮೇಷ್ಟ್ರ ಹಳೆಯ ಅಭ್ಯಾಸದಂತೆ, ಕಥೆಯನ್ನು ಹಿಂದಿನಿಂದ ಆರಂಭಿಸಿದೆ. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಬೆನ್ನ ಹಿಂದೆ "ತೆಂಗಿನಮರ ಮೇಷ್ಟ್ರು" ಎಂದು ಕರೆಯುತ್ತಿದ್ದ ಶಿಷ್ಯರೂ ಇದನ್ನು ಓದುತ್ತಿರಬಹುದು. ಆ ಹೆಸರು ನನಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ನಾವು ತರುಣರಾಗಿದ್ದಾಗ ಮೋಟಾರ್ ಸೈಕಲ್ ಎಂದರೆ ಮೂರೇ ಹೆಸರುಗಳು. ಮದ್ರಾಸಿನಲ್ಲಿ 1955ರಿಂದ ತಯಾರಾಗತೊಡಗಿದ ಎನ್‌ಫೀಲ್ಡ್ ಬುಲೆಟ್ ಒಂದು. 1960ರ ದಶಕದಲ್ಲಿ ಬಂದ ರಾಜದೂತ್ ಇನ್ನೊಂದು. ಮೂರನೆಯದು ನಮ್ಮ ಮೈಸೂರಿನದೇ ಆದ ಜಾವಾ. ಇರಾನಿ ಕುಟುಂಬದವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಜಾವಾ ಎಂಬ ಹೆಸರನ್ನು ಕೇಳಿ ಅದು ಜಾವಾ ದ್ವೀಪದಿಂದ ಬಂದದ್ದೆಂದು ಎಷ್ಟೋ ಜನ ತಿಳಿದಿದ್ದರು. ನಿಜವಾಗಿ ಅದು ಜೆಕ್ ಉದ್ಯಮಿ ಯಾನೆಚೆಕ್ ಮತ್ತು ಅವರು ಕೊಂಡುಕೊಂಡ ವಾಂಡರರ್ ಎಂಬ ಜರ್ಮನ್ ಗಾಡಿ, ಈ ಎರಡು ಹೆಸರುಗಳ ಮೊದಲಕ್ಷರಗಳ ಕೂಟ. 1973ರ ಸುಮಾರಿಗೆ ಮೈಸೂರಿನ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಊರಿನ ಒಂದು ಸದ್ದೇ ನಿಂತಂತೆ ಅನೇಕರಿಗೆ ಅನ್ನಿಸಿತು.

ಈ ಗಾಡಿಗಳನ್ನು ಕಲಿಯುವವನ ಕಣ್ಣಿನಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬುಲೆಟ್ಟಿನ ತೂಕ 160 ಕಿಲೋಗಿಂತ ಹೆಚ್ಚು. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾ ಅದಕ್ಕಿಂತ ಹಗುರವಾದರೂ 250 ಸಿಸಿಯ ಗಾಡಿಯೇ. ಅದರಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಸಾಲದ್ದಕ್ಕೆ ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಒಂದರ ಮೇಲೆ ಕಲಿತವನು ಇನ್ನೊಂದನ್ನೇರಿದರೆ ಗೇರು ಹಾಕಲು ಹೋಗಿ ಬ್ರೇಕನ್ನು ತುಳಿಯುತ್ತಿದ್ದ. ಇವು ಬೇಡವೆಂದರೆ ಉಳಿದದ್ದು 1972ರಲ್ಲಿ ಬಂದ ಲೂನಾದಂಥ 50 ಸಿಸಿಯ ಮೊಪೆಡ್. ಎತ್ತರದ ಕಲಿಯುವವನಿಗೆ ಒಂದು ಕಡೆ ಮಂಡಿ ಮಡಚುವ ಕಷ್ಟ, ಇನ್ನೊಂದು ಕಡೆ ಭಾರ ಹೊರುವ ಕಷ್ಟ. ನಡುವೆ ಹೆಚ್ಚೇನೂ ಇರಲಿಲ್ಲ. ಲೈಸೆನ್ಸ್ ಪರ್ಮಿಟ್ಟುಗಳ ಆ ಕಾಲದಲ್ಲಿ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಆರಿಸಿಕೊಳ್ಳುವ ಮಾತು ದೂರ, ಸಿಕ್ಕಿದ್ದೇ ನಮ್ಮ ಆಯ್ಕೆಯಾಗುತ್ತಿತ್ತು.

1974ರಲ್ಲಿ ನಾನು ಲೈಸೆನ್ಸಿನ ಪರೀಕ್ಷೆಗೆ ಹೋದದ್ದು ಸ್ನೇಹಿತರೊಬ್ಬರ ಸಣ್ಣ ಗಾಡಿಯಲ್ಲಿ. ಕಾಲು ಊರದೆ 8ರ ಆಕಾರದಲ್ಲಿ ಸುತ್ತಬೇಕು. ಮೊದಲ ಸುತ್ತು ಸುಸೂತ್ರವಾಯಿತು. ಎರಡನೆಯ ತಿರುವಿನಲ್ಲಿ ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಅದರ ತುದಿ ನನ್ನ ಮಂಡಿಗೆ ತಾಕಿತು. ಗಾಡಿ ಅಲ್ಲಿಂದ ಮುಂದೆ ತಿರುಗಲಿಲ್ಲ, ಕಾಲು ನೆಲ ಮುಟ್ಟಿತು. ಪರೀಕ್ಷಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೇಷ್ಟ್ರೇ, ನಿಮಗೆ ಇದಲ್ಲ, ಎತ್ತಿನಗಾಡಿ ಸರಿ" ಎಂದು ನಕ್ಕು ವಾಪಸು ಕಳಿಸಿದರು. ಆ ಅವಮಾನ ಮನಸ್ಸಿನಲ್ಲಿ ಉಳಿಯಿತು. ಎತ್ತರದವರಿಗೆ ಸಣ್ಣ ಗಾಡಿ ಸಲ್ಲದು ಎಂಬ ತೀರ್ಮಾನವೂ ಅದರೊಂದಿಗೆ ಬೇರೂರಿತು.

ಐದು ವರ್ಷಗಳ ಮೇಲೆ, 1979ರಲ್ಲಿ, ನಮ್ಮ ಶಾಲೆಗೆ ತರುಣ ಅಧ್ಯಾಪಕರೊಬ್ಬರು ಬಂದರು. ನನಗಿಂತಲೂ ಎರಡು ಅಂಗುಲ ಎತ್ತರ. ಗಾಡಿ ಕಲಿಯುವ ಆಸೆಯಿಂದ ನನ್ನ ಸಲಹೆ ಕೇಳಿದರು. "ನಿಮ್ಮಂಥವರು ಸಣ್ಣ ಗಾಡಿಯ ಮೇಲೆ ಕೂತರೆ ಆಡಿನ ಮೇಲೆ ಆನೆ ಕೂತಂತೆ. ಆಳಿಗೆ ತಕ್ಕ ಗಾಡಿ ತಗೊಳ್ಳಿ" ಎಂದೆ. ಸಾಲ ಮಾಡಿ ಒಂದು ಭಾರಿ ಗಾಡಿಯನ್ನೇ ಕೊಂಡರು. ಅದರ ಹೆಸರು ಇಲ್ಲಿ ಬೇಡ. ದೋಷ ಗಾಡಿಯದಲ್ಲ, ನನ್ನ ಮಾತಿನದು. ಮೂರನೆಯ ವಾರ ಚಾಮುಂಡಿ ಬೆಟ್ಟದ ಏರಿನಲ್ಲಿ ಎದುರಿಗೆ ಬಸ್ಸು ಬಂದು ನಿಲ್ಲಿಸಬೇಕಾಯಿತು. ಇಳಿಜಾರಿನಲ್ಲಿ ಗಾಡಿ ಪಕ್ಕಕ್ಕೆ ವಾಲಿತು. ನೀಳವಾದ ಕಾಲು ನೆಲವನ್ನೇನೋ ಮುಟ್ಟಿತು, ಆದರೆ ಭಾರವನ್ನು ತಡೆಯಲಿಲ್ಲ. ಮೊಣಕಾಲಿನ ಕೆಳಗೆ ಮೂಳೆ ಮುರಿದು ಮೂರು ತಿಂಗಳು ಹಾಸಿಗೆ ಹಿಡಿದರು. ಆಮೇಲೆ ನಿವೃತ್ತರಾಗುವವರೆಗೂ ಅವರು ಬಸ್ಸಿನಲ್ಲೇ ಓಡಾಡಿದರು. ನನ್ನನ್ನು ಒಂದು ದಿನವೂ ದೂರಲಿಲ್ಲ.

ನಾನು ಎರಡು ಬೇರೆ ಅಳತೆಗಳನ್ನು ಒಂದೆಂದು ಭಾವಿಸಿದ್ದೆ. ಎತ್ತರ ಕೇಳುವುದು ಜಾಗವನ್ನು, ಕಲಿಕೆ ಕೇಳುವುದು ಹಗುರವನ್ನು. ಗಾಡಿ ನೆಟ್ಟಗಿರುವವರೆಗೆ ಅದರ ಭಾರ ಚಕ್ರಗಳ ಮೇಲಿರುತ್ತದೆ. ವಾಲತೊಡಗಿದೊಡನೆ ಸವಾರನ ಕಾಲಿನ ಮೇಲೆ ಬರುತ್ತದೆ. ಹೊಸಬ ಹೆಚ್ಚಾಗಿ ಬೀಳುವುದು ವೇಗದಲ್ಲಲ್ಲ, ನಿಲ್ಲಿಸುವಾಗ, ತಿರುಗಿಸುವಾಗ. ಆ ಗಳಿಗೆಯಲ್ಲಿ ಅವನನ್ನು ಕಾಯುವುದು ಗಾಡಿಯ ಹಗುರವೇ ಹೊರತು ಅವನ ಎತ್ತರವಲ್ಲ.

ಹಗುರವಾದ ಗಾಡಿ ನಮ್ಮ ದೇಶಕ್ಕೆ ಬಂದದ್ದು ಆಮೇಲೆ. 1980ರ ದಶಕದ ಆರಂಭದಲ್ಲಿ ಸರ್ಕಾರ ದ್ವಿಚಕ್ರ ವಾಹನಗಳ ತಯಾರಿಕೆಯಲ್ಲಿ ವಿದೇಶಿ ಸಹಯೋಗಕ್ಕೆ ಬಾಗಿಲು ತೆರೆಯಿತು. ಎಂಜಿನ್ನು 100 ಸಿಸಿ ಮೀರಬಾರದೆಂಬ ಮಿತಿಯನ್ನೂ ಹಾಕಿತು. ಅದರ ಫಲವಾಗಿ 1984ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಇಂಡ್-ಸುಜುಕಿ ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100, ಅವುಗಳ ಬೆನ್ನಿಗೆ ಕಾವಾಸಾಕಿ ಬಜಾಜ್ ಬಂದವು. ನಾಲ್ಕೂ 100 ಸಿಸಿಯ ವರ್ಗದವೇ ಆದದ್ದು ಕಾಕತಾಳೀಯವಲ್ಲ, ಸರ್ಕಾರದ ಒಂದು ಗೆರೆಯ ಪರಿಣಾಮ. ತೂಕ 100 ಕಿಲೋ ಆಸುಪಾಸು, ಗೇರು ಎಡಗಾಲಿಗೆ. ಒಂದು ತಲೆಮಾರು ಸುಲಭವಾಗಿ ಗಾಡಿ ಕಲಿತದ್ದು ಇವುಗಳ ಮೇಲೆ. ಎತ್ತರದವರ ಮಂಡಿಯ ಕಷ್ಟ ಮಾತ್ರ ಪೂರ್ತಿ ತೀರಲಿಲ್ಲ.

ಹುಡುಗನಿಗೆ ಇಷ್ಟನ್ನು ಹೇಳಿ, ಅಂಗಡಿಗೆ ಹೋದಾಗ ನೋಡಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಆಸನದ ಎತ್ತರವೊಂದನ್ನೇ ನೋಡಿ ಮರುಳಾಗಬೇಡ. ಸಾಮಾನ್ಯ ಸಣ್ಣ ಗಾಡಿಗಳಲ್ಲಿ ಅದು 780ರಿಂದ 800 ಮಿ.ಮೀ. ಇರುತ್ತದೆ, ಕಚ್ಚಾ ರಸ್ತೆಗೆಂದು ಮಾಡಿದವುಗಳಲ್ಲಿ 820 ದಾಟುವುದೂ ಉಂಟು. ಆದರೆ ಮಂಡಿ ಎಷ್ಟು ಮಡಚುತ್ತದೆಂಬುದನ್ನು ನಿರ್ಧರಿಸುವುದು ಆಸನಕ್ಕೂ ಕಾಲಿಡುವ ಕಡ್ಡಿಗೂ ನಡುವಿನ ಅಂತರ. ಗಾಡಿಯ ಮೇಲೆ ಕುಳಿತು, ಪಾದಗಳನ್ನು ಕಡ್ಡಿಯ ಮೇಲಿಟ್ಟು, ಹ್ಯಾಂಡಲನ್ನು ಎರಡು ಕಡೆಗೂ ಕೊನೆಯವರೆಗೆ ತಿರುಗಿಸು. ಮಂಡಿಗೆ ತಾಕಿದರೆ ಅದು ನಿನ್ನ ಗಾಡಿಯಲ್ಲ. ದಿನವೂ ಹಾಕುವ ಬೂಟನ್ನೇ ಹಾಕಿಕೊಂಡು ಹೋಗು, ದೊಡ್ಡ ಪಾದ ಗೇರಿನ ಲಿವರಿನಡಿ ಸಲೀಸಾಗಿ ಸೇರಬೇಕು. ಎಂಜಿನ್ನು ನಿಲ್ಲಿಸಿಯೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡು. ಏದುಸಿರು ಬಂದರೆ ಅದು ಎರಡನೆಯ ಗಾಡಿಯಾಗಲಿ, ಮೊದಲನೆಯದಲ್ಲ.

ನಾಲ್ಕು ಅಂಗಡಿ ಸುತ್ತಿ, ಹತ್ತಾರು ಗಾಡಿಗಳ ಮೇಲೆ ಕೂತು, ಕೊನೆಗೆ ಬಳಸಿದ 125 ಸಿಸಿಯ ಒಂದನ್ನು ಆರಿಸಿಕೊಂಡ. ಮೆಕ್ಯಾನಿಕ್ಕು ಗೇರಿನ ಲಿವರನ್ನು ಬಿಚ್ಚಿ ಒಂದು ಹಲ್ಲು ಮೇಲಕ್ಕೆ ಕೂರಿಸಿಕೊಟ್ಟ. ಸೀಟು ಹೊಲಿಯುವವರು ಒಂದು ಅಂಗುಲ ಸ್ಪಂಜು ಸೇರಿಸಿದರು. ಎಲ್‌ಎಲ್ಆರ್ ಮಾಡಿಸಿಕೊಂಡು ಕೆಂಪಕ್ಷರದ ಎಲ್ ಬೋರ್ಡನ್ನೂ ಅಂಟಿಸಿದ. ಮೊನ್ನೆ ಭಾನುವಾರ ಅವನ ತಂದೆ ಅವನನ್ನು ಬಯಲಿಗೆ ಕರೆದೊಯ್ದಾಗ ನಾನೂ ಕುರ್ಚಿ ಹಾಕಿಕೊಂಡು ಕೂತಿದ್ದೆ. ಸುಣ್ಣದ ಪುಡಿಯಲ್ಲಿ ಬರೆದ 8ನ್ನು ಹುಡುಗ ಮೂರು ಸಲ ಸುತ್ತಿದ. ನನ್ನ ಕಣ್ಣು ಅವನ ಮಂಡಿಯ ಮೇಲೇ ಇತ್ತು. ತಾಕಲಿಲ್ಲ.

ಸಂಜೆ ಆ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ನಲವತ್ತು ವರ್ಷಗಳಿಗೂ ಮೀರಿ ಆಡದೆ ಉಳಿದಿದ್ದ ಮಾತನ್ನು ಆಡಿದೆ. ಹುಡುಗನಿಗೆ ಕೊಟ್ಟ ಉತ್ತರವನ್ನು ಅಂದು ಅವರಿಗೆ ಕೊಡಬೇಕಿತ್ತೆಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಕೇಳಿದರು: "ಅದಿರಲಿ ಸಾರ್, ಹುಡುಗನಿಗೆ ಹೆಲ್ಮೆಟ್ ತೆಗೆಸಿಕೊಟ್ರಾ?"

ಗಾಡಿಗಿಂತ ಮೊದಲು ಅದನ್ನೇ ಕೊಡಿಸಿದೆನೆಂದು ಹೇಳಿದೆ.