ಕುಣಿಗಲ್ಲಿನ ಕುದುರೆ, ಕಾವಲಿನ ದನ

ಬಟವಾಡಿಯ ನಮಗೆ ಕುಣಿಗಲ್ ಎಂದೊಡನೆ ಕೆರೆಯ ಹಾಡು ನೆನಪಾಗುತ್ತದೆ. ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಅಲ್ಲಿ ಕುದುರೆ ಸಾಕುತ್ತಿದ್ದರೆಂಬುದು ಅಷ್ಟಾಗಿ ನೆನಪಾಗದು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನೂ ಟಿಪ್ಪುವೇ. ಕುದುರೆ ಸವಾರನಿಗೆ, ಎತ್ತು ಫಿರಂಗಿಗೆ. ಎರಡೂ ಒಂದೇ ದಂಡಿನ ಚಾಕರಿ. ಆದರೂ ಕುದುರೆಯಿಂದ ದನ ತರುಬುವ ಪದ್ಧತಿ ನಮ್ಮ ಕಾವಲುಗಳಲ್ಲಿ ಬೇರೂರಲಿಲ್ಲ.

ಬೇರೂರಿದ್ದು ಅಮೆರಿಕದ ಹುಲ್ಲುಗಾವಲುಗಳಲ್ಲಿ. ಅಲ್ಲಿಯ ಕ್ವಾರ್ಟರ್ ತಳಿಯ ಕುದುರೆ, ಮಂದೆಯಿಂದ ಬೇರ್ಪಡಿಸಿದ ದನಕ್ಕೆ ಎದುರಾಗಿ ನಿಂತು, ಅದು ಹೊರಳಿದತ್ತ ತಾನೂ ಹೊರಳಿ ತಡೆಯುತ್ತದೆ. ಸವಾರ ಲಗಾಮು ಸಡಿಲಬಿಟ್ಟು ಕುಳಿತಿರುತ್ತಾನೆ! ಇದು ಬರಿಯ ಕಲಿಕೆಯಲ್ಲ. ಗಂಡುಕುದುರೆ ಕತ್ತು ತಗ್ಗಿಸಿ, ಕಿವಿ ಹಿಂದಕ್ಕೊತ್ತಿ, ತನ್ನ ಗುಂಪಿನ ಹೆಣ್ಣುಗಳನ್ನು ಅಟ್ಟಿಕೊಂಡು ಹೋಗುವುದುಂಟು. ಬಹುಶಃ ಆ ಹುಟ್ಟುಗುಣವನ್ನೇ ಶಿಕ್ಷಣ ತಿದ್ದುತ್ತದೆ.

ನಮ್ಮಲ್ಲಿ ದನಕ್ಕೆ ದನವೇ ಗುರು. ಅರೆಗಾಡಾಗಿ ಬೆಳೆದ ಅಮೃತಮಹಲ್ ಹೋರಿಗಳನ್ನು ಕುಣಿಕೆ ಹಾಕಿ ಹಿಡಿದು, ಕಂಬಕ್ಕೆ ಕಟ್ಟಿ, ಸಿಟ್ಟಿಳಿದ ಮೇಲೆ ಪಳಗಿದ ಎತ್ತುಗಳೊಡನೆ ಜೋಡಿಸುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಈ ದನಗಳನ್ನೂ ವಶಪಡಿಸಿಕೊಂಡರು. ಕುಣಿಗಲ್ಲಿನ ಕುದುರೆ ಕಾಲಾಂತರದಲ್ಲಿ ಪಂದ್ಯದ ಕುದುರೆಯಾಯಿತು. ಕಾವಲುಗಳು ಮಾತ್ರ ಕರಗುತ್ತ ಬಂದಿವೆ. ಹೋರಿ ಪಳಗಿಸಬಲ್ಲ ಗೋವಳರೂ ಈಗ ವಿರಳ.