ಬುಟ್ಟಿ ಹೊರುವ ಹಕ್ಕು

ಉತ್ಸವದ ಮೆರವಣಿಗೆ ಬಂತೆಂದರೆ ಯಾರು ಏನನ್ನು ಹೊತ್ತಿದ್ದಾರೆ ಎಂದು ನೋಡುವ ಚಾಳಿ ನನ್ನದು. ಗ್ರೀಸಿನ ಪ್ರಾಚೀನ ಅಥೆನ್ಸ್ ನಗರದ ಪಾನಥೀನಾಯಾ ಉತ್ಸವದ ಬಗ್ಗೆ ಓದುವಾಗಲೂ ಕಣ್ಣು ಹೋದದ್ದು ಅಲ್ಲಿಗೇ.

ನಗರದೇವತೆ ಅಥೀನಾಳ ಹಬ್ಬವದು. ವರ್ಷವೂ ಜುಲೈ-ಆಗಸ್ಟ್ ಸುಮಾರಿಗೆ ನಡೆಯುತ್ತಿತ್ತು, ಕ್ರಿ.ಪೂ. 566ರ ಸುಮಾರಿನಿಂದ ನಾಲ್ಕು ವರ್ಷಕ್ಕೊಮ್ಮೆ ಮಹೋತ್ಸವ. ಪಂದ್ಯ ಗೆದ್ದವರಿಗೆ ದೇವಿಯ ಆಲಿವ್ ಮರಗಳ ಎಣ್ಣೆ ತುಂಬಿದ ಚಿತ್ರದ ಕೊಡಗಳು ಬಹುಮಾನ. ಹೆಂಗಸರು ಸುಮಾರು ಒಂಬತ್ತು ತಿಂಗಳು ನೇಯ್ದ ಉಡುಗೆ ದೇವಿಗೆ ಕಾಣಿಕೆ. ಊರ ಬಾಗಿಲಿನಿಂದ ಸಂತೆಯ ಚೌಕ ದಾಟಿ ಅಕ್ರೊಪೊಲಿಸ್ ಗುಡ್ಡಕ್ಕೆ ಮೆರವಣಿಗೆ.

ಅದರಲ್ಲಿ ಪೂಜಾಸಾಮಗ್ರಿಯ ಬುಟ್ಟಿ ಹೊರುವವರು ಕನ್ಯೆಯರು. ಒಳ್ಳೆಯ ಮನೆತನದ ನಾಗರಿಕರ ಹೆಣ್ಣುಮಕ್ಕಳಿಗೇ ಆ ಮಾನ. ಹೊರಗಿನಿಂದ ಬಂದು ಅಥೆನ್ಸಿನಲ್ಲಿ ನೆಲೆಸಿದವರಿಗೆ ಮೆಟಿಕರೆಂದು ಹೆಸರು. ಅವರು ತೆರಿಗೆ ಕೊಡುತ್ತಿದ್ದರು, ಸೈನ್ಯದಲ್ಲಿ ಕಾದುತ್ತಿದ್ದರು. ಆದರೆ ತಲೆಮಾರು ಕಳೆದರೂ ಸಭೆಯಲ್ಲಿ ಮತವಿಲ್ಲ, ವಿಶೇಷ ಅನುಮತಿಯಿಲ್ಲದೆ ಹೊಲ ಮನೆ ಕೊಳ್ಳುವಂತಿಲ್ಲ. ಮೆರವಣಿಗೆಯಲ್ಲಿ ಮಾತ್ರ ಇವರಿಗೂ ಜಾಗವಿತ್ತು. ಗಂಡಸರು ಕೆನ್ನೇರಳೆ ನಿಲುವಂಗಿ ತೊಟ್ಟು, ಜೇನುಹುಟ್ಟು, ಭಕ್ಷ್ಯ ತುಂಬಿದ ಹರಿವಾಣ ಹೊರುತ್ತಿದ್ದರು. ಅವರ ಹೆಣ್ಣುಮಕ್ಕಳು ನೀರಿನ ಕೊಡ ಹೊರಬೇಕು, ಬುಟ್ಟಿಯ ಕನ್ಯೆಯರಿಗೆ ಕೊಡೆ ಹಿಡಿಯಬೇಕು. ಇದನ್ನು ಗೌರವವೆನ್ನೋಣವೇ, ಚಾಕರಿಯೆನ್ನೋಣವೇ? ವಿದ್ವಾಂಸರಲ್ಲಿ ಎರಡು ಮತಗಳಿವೆ. 'ಹರಿವಾಣ ಹೊರುವವ' ಎಂಬುದು ಮೆಟಿಕನ ಅಡ್ಡಹೆಸರಾಯಿತು. ಬಾಯಿ ಮುಚ್ಚಿಕೊಂಡಿರುವವನಿಗೆ ಆ ಹರಿವಾಣವೇ ಗಾದೆಯಾಯಿತು. ಇದನ್ನು ಓದಿದ ಮೇಲೆ ಗೌರವವೆನ್ನಲು ನನಗಂತೂ ನಾಲಗೆ ಹೊರಳದು.

ಬುಟ್ಟಿಯ ಬೆಲೆ ಎಷ್ಟೆಂಬುದನ್ನು ತಿಳಿಯಲು ಇತಿಹಾಸಕಾರ ಥ್ಯುಸಿಡಿಡೀಸ್ ಹೇಳಿದ ಪ್ರಸಂಗ ಸಾಕು. ಸರ್ವಾಧಿಕಾರಿ ಹಿಪ್ಪಿಯಾಸನ ತಮ್ಮ ಹಿಪ್ಪಾರ್ಕಸ್. ಹರ್ಮೋಡಿಯಸ್ ಎಂಬ ತರುಣ ತನ್ನ ಒಲುಮೆಯನ್ನು ತಿರಸ್ಕರಿಸಿದನೆಂದು ಅವನಿಗೆ ಹಗೆ. ಹರ್ಮೋಡಿಯಸನ ಸಹೋದರಿಯನ್ನು ಒಂದು ಮೆರವಣಿಗೆಯಲ್ಲಿ ಬುಟ್ಟಿ ಹೊರಲು ಕರೆಸಿ, ಆಮೇಲೆ ಯೋಗ್ಯಳಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಕ್ರಿ.ಪೂ. 514ರ ಮಹೋತ್ಸವದ ದಿನ, ಮೆರವಣಿಗೆಯನ್ನು ಅಣಿಗೊಳಿಸುತ್ತಿದ್ದಾಗಲೇ ಹರ್ಮೋಡಿಯಸನೂ ಅವನ ಗೆಳೆಯ ಅರಿಸ್ಟೊಗಿಟನನೂ ಹಿಪ್ಪಾರ್ಕಸನನ್ನು ಇರಿದು ಕೊಂದರು. ಇಬ್ಬರೂ ಪ್ರಾಣ ತೆತ್ತರು. ಹಿಪ್ಪಿಯಾಸನ ಆಳ್ವಿಕೆ ಮತ್ತಷ್ಟು ಕ್ರೂರವಾಗಿ, ಕ್ರಿ.ಪೂ. 510ರಲ್ಲಿ ಉರುಳಿತು. ಆಮೇಲೆ ಸಂತೆಯ ಚೌಕದಲ್ಲಿ ಆ ಇಬ್ಬರು ಗೆಳೆಯರ ಪ್ರತಿಮೆಗಳು ಎದ್ದವು. ಹುಡುಗಿಯ ಹೆಸರನ್ನು ಥ್ಯುಸಿಡಿಡೀಸ್ ಬರೆದಿಲ್ಲ.